ಮರೆತುಹೋಗಿದ್ದ ಪ್ರಬಂಧ

ಇಂದು ಸಂಜೆ ಬಿರುಮಳೆಯ ನಡುವೆಯೂ ಅಕ್ಕನ ವಿಡಿಯೊ ಕರೆ ಒಮ್ಮೆಯೂ ತಡವರಿಸದೆ ಬಂದಾಗ ಅಮೆರಿಕದ ಎಂಜಿನಿಯರ್ ರಾಬರ್ಟ್ ಗ್ಯಾಲಗರ್ ನೆನಪಾದರು.

1960ರಲ್ಲಿ ಎಂಐಟಿ ವಿಶ್ವವಿದ್ಯಾಲಯದಲ್ಲಿ ಅವರು ಬರೆದ ಡಾಕ್ಟರೇಟ್ ಪ್ರಬಂಧದ ಸಂಕೇತಗಳೇ ಇಂದು 5ಜಿಯಲ್ಲಿ ದತ್ತಾಂಶದ ತಪ್ಪುಗಳನ್ನು ತಿದ್ದುತ್ತಿವೆ. ಸೊನ್ನೆ, ಒಂದುಗಳಾಗಿ ಕಳುಹಿಸುವ ಬಿಟ್‌ಗಳ ಜೊತೆಗೆ ತಾಳೆ ನೋಡುವ ಬಿಟ್‌ಗಳನ್ನೂ ಸೇರಿಸಿ, ಒಂದೊಂದು ತಾಳೆಯೂ ಕೆಲವೇ ಬಿಟ್‌ಗಳನ್ನು ಮುಟ್ಟುವಂತೆ ಹೆಣೆದರೆ, ಫೋನು ತನ್ನ ಊಹೆಯನ್ನು ಸುತ್ತು ಸುತ್ತಾಗಿ ತಿದ್ದಿಕೊಳ್ಳುತ್ತ ಸರಿಯಾದ ಸಂದೇಶವನ್ನು ತಲುಪುತ್ತದೆ. ಅಂದಿನ ಕಂಪ್ಯೂಟರುಗಳಿಗೆ ಈ ಲೆಕ್ಕ ಹೊರೆಯಾಗಿದ್ದರಿಂದ 1990ರ ದಶಕದವರೆಗೆ ಹೆಚ್ಚಿನವರು ಅದನ್ನು ಮರೆತೇಬಿಟ್ಟಿದ್ದರು.

ಗ್ಯಾಲಗರ್ ಅದಕ್ಕೇ ಅಂಟಿಕೊಂಡು ಕೂರದೆ ಮಾಹಿತಿ ಸಿದ್ಧಾಂತ, ದತ್ತಾಂಶ ಜಾಲಗಳತ್ತ ಹೊರಳಿ, ಎಂಐಟಿಯಲ್ಲೇ ಪಾಠ ಹೇಳುತ್ತ ಉಳಿದರು. ನನಗೆ ಆ ಪ್ರಬಂಧಕ್ಕಿಂತಲೂ ಈ ನಿರುಮ್ಮಳ ಸ್ವಭಾವವೇ ಹೆಚ್ಚು ಹಿಡಿಸುತ್ತದೆ (ನಿಜ ಹೇಳಬೇಕೆಂದರೆ, ತುಸು ಹೊಟ್ಟೆಕಿಚ್ಚೂ ಇದೆ). ಜಪಾನ್ ಪ್ರಶಸ್ತಿ ಅವರಿಗೆ ಸಂದದ್ದು 2020ರಲ್ಲಿ.