ಗಾಲ್ಫ್ ಕಿಟ್ ಇಟ್ಟುಕೊಂಡು ಕೊಡಗಿಗೆ ಹೊರಟಿದ್ದೀರಾ? ಮೊದಲು ಡಿಕ್ಕಿ ಅಳೆಯಿರಿ

ಮೈಸೂರಿನಿಂದ ವಿರಾಜಪೇಟೆಗೆ ನೂರು ಚಿಲ್ಲರೆ ಕಿಲೋಮೀಟರ್. ಅಷ್ಟು ದೂರವೂ ನಾನು ಹನ್ನೊಂದು ಕೆಜಿಯ ಗಾಲ್ಫ್ ಬ್ಯಾಗನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೆ. ಕಾರಣ ಒಂದೇ. ಬಾಡಿಗೆ ಕಾರು ಗೊತ್ತು ಮಾಡುವಾಗ ಎಷ್ಟು ಜನ, ಎಷ್ಟು ದಿನ, ಡ್ರೈವರ್ ಬತ್ತಾ ಎಷ್ಟು ಅಂತೆಲ್ಲ ಕೇಳಿದೆ. ಡಿಕ್ಕಿಯಲ್ಲಿ ಏನಿದೆ ಅಂತ ಮಾತ್ರ ಕೇಳಲಿಲ್ಲ.

ನಾವು ಮೂರು ಜನ. ನಾನು, ನಮ್ಮ ಭಾವ, ಬೆಂಗಳೂರಿಂದ ಹಿಂದಿನ ರಾತ್ರಿಯೇ ರೈಲಲ್ಲಿ ಬಂದಿದ್ದ ಒಬ್ಬ ಗೆಳೆಯ. ಮೂವರಿಗೂ ಒಂದೊಂದು ಕಿಟ್. ಏಜೆಂಟ್ ಫೋನಲ್ಲಿ, 'ಸೆಡಾನ್ ಕಳಿಸ್ತೀನಿ ಸಾರ್, ಡಿಕ್ಕಿ ಭರ್ಜರಿ, ನಾಲ್ಕು ಸೂಟ್‌ಕೇಸ್ ಆರಾಮಾಗಿ ಹಿಡಿಸುತ್ತೆ' ಅಂದ. ಬೆಳಗ್ಗೆ ಐದೂವರೆಗೆ ಗಾಡಿ ಮನೆ ಮುಂದೆ ಬಂತು. ಹುಡುಗ ಡಿಕ್ಕಿ ಎತ್ತಿದ. ಒಳಗೆ ಅಡ್ಡಡ್ಡಕ್ಕೆ ಮಲಗಿತ್ತು ಸಿಎನ್‌ಜಿ ಸಿಲಿಂಡರ್. ಅದರ ಮುಂದೆ ಉಳಿದ ಸಂದಿಯಲ್ಲಿ ಎರಡು ನೀರಿನ ಕ್ಯಾನು, ಒಂದು ಒರೆಸುವ ಬಟ್ಟೆ, ಒಂದು ಜೊತೆ ಚಪ್ಪಲಿ.

'ಮೂರು ಜನ, ಮೂರು ಬ್ಯಾಗು ಅಂದ್ರು ಸಾರ್. ಬ್ಯಾಗು ಅಂದ್ರೆ ಬ್ಯಾಗು ಅಲ್ವಾ?' ಅಂದ ಹುಡುಗ. ಮಂಡ್ಯ ಕಡೆಯವನು, ಅವನ ತಪ್ಪೇನೂ ಇಲ್ಲ. ಭಾವ ಮಾತ್ರ ಸುಮ್ಮನಿರಲಿಲ್ಲ. 'ಮೊದಲು ಡ್ರೈವರ್‌ನ ಹೊರಗೆ ತೆಗೀರಿ, ಜಾಗ ಆಗುತ್ತೆ' ಅಂದರು. ಹುಡುಗನ ಮುಖ ಬಿಳಿಚಿಕೊಂಡಿತು. ಕಿಟ್‌ನಲ್ಲಿರುವ ಅತಿ ಉದ್ದದ ಕೋಲಿಗೂ ಡ್ರೈವರ್ ಅಂತಲೇ ಹೆಸರು ಅಂತ ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಆರು ಗಂಟೆ ಆಗಿತ್ತು.

ಕೊನೆಗೆ ಒಂದು ಬ್ಯಾಗು ಮುಂದಿನ ಎರಡು ಸೀಟಿನ ನಡುವೆ ತೂರಿತು. ಎರಡು ಬ್ಯಾಗು ಹಿಂದೆ ಕೂತ ನಮ್ಮ ಕಾಲ ಮೇಲೆ. ಹುಣಸೂರು ದಾಟಿದ ಮೇಲೆ ಹಂಪ್ ಬಂದಾಗೆಲ್ಲ ಐರನ್ ಅನ್ನುವ ಲೋಹದ ತಲೆಯ ಕೋಲುಗಳು ಒಂದಕ್ಕೊಂದು ಬಡಿದು, ಪಾತ್ರೆ ಅಂಗಡಿಯವನು ಸೈಕಲ್ಲಲ್ಲಿ ಹೋದ ಹಾಗೆ ಸದ್ದು. ಆನೆಚೌಕೂರಿನ ಕಾಡು ಬಂತು, ಹೋಯಿತು. ತಿತಿಮತಿ ಬಂತು. ಇಬ್ಬನಿ, ಹಸಿರು ಎಲ್ಲ ಇತ್ತಂತೆ. ನನ್ನ ಕಣ್ಣ ಮುಂದೆ ಇದ್ದದ್ದು ಭಾವನ ಬ್ಯಾಗಿನ ಜಿಪ್ಪು.

ಗೋಣಿಕೊಪ್ಪದಲ್ಲಿ ಇಳಿದಾಗ ಕಾಲು ಮರಗಟ್ಟಿತ್ತು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಮುಖ್ಯ ರಸ್ತೆ ಬಿಟ್ಟು ಒಳಗೆ ಹೋದರೆ ಒಂದು ಚಿಕ್ಕ ಹೋಟೆಲ್. ಬೋರ್ಡಿಲ್ಲ, ಐದು ಟೇಬಲ್, ನಾಲ್ಕಕ್ಕೆ ಮಾತ್ರ ನಾಲ್ಕೂ ಕಾಲು ಸರಿ ಇವೆ. ಈ ಪ್ರವಾಸದಲ್ಲಿ ನಾನು ಪೂರ್ತಿ ಮೆಚ್ಚಿದ್ದು ಇದೊಂದನ್ನೇ. ಒಳಗೆ ಒಬ್ಬ ಅಕ್ಕ ಕಡಂಬಿಟ್ಟು ಕಟ್ಟುತ್ತಿದ್ದರು. ಬೆಂದ ಅಕ್ಕಿ ತರಿಯನ್ನು ಅಂಗೈಯಲ್ಲಿ ಎರಡೇ ಸುತ್ತು ಸುತ್ತಿದರೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ. ಒಂದಕ್ಕಿಂತ ಒಂದು ಹೆಚ್ಚಿಲ್ಲ, ಕಡಿಮೆ ಇಲ್ಲ. ಹಬೆಯಿಂದ ತೆಗೆದ ಆರು ಉಂಡೆ, ಜೊತೆಗೆ ಪಂದಿ ಕರಿ. ಆ ಕಪ್ಪು ಬಣ್ಣ ಹುರಿದ ಮಸಾಲೆಯದ್ದು, ಕೊಡಗಿನ ಕಪ್ಪು ಹುಳಿ ಕಾಚಂಪುಳಿಯದ್ದು. ನಮ್ಮ ಹುಣಸೆಹುಳಿ ನಾಲಿಗೆಯ ಮುಂದೆಯೇ ಹೊಡೆಯುತ್ತೆ. ಕಾಚಂಪುಳಿ ಹಾಗಲ್ಲ, ತುತ್ತು ನುಂಗಿದ ಮೇಲೆ ಗಂಟಲ ಹತ್ತಿರ ಬಂದು ನಿಲ್ಲುತ್ತೆ. ಗೆಳೆಯ ಹಂದಿ ತಿನ್ನುವುದಿಲ್ಲ. ಅವನಿಗೆ ಅಕ್ಕಿ ರೊಟ್ಟಿ, ಕಣಿಲೆ ಪಲ್ಯ. ಮೂವರು, ಜೊತೆಗೆ ಡ್ರೈವರ್ ಹುಡುಗ, ಎರಡೆರಡು ಸಲ ಕಾಫಿ, ಎಲ್ಲ ಸೇರಿ 560 ರೂಪಾಯಿ. ನಾನು ಎರಡು ಸಲ ಲೆಕ್ಕ ಕೇಳಿದೆ, ಕಡಿಮೆ ಹಾಕಿದ್ದಾರೇನೋ ಅಂತ.

ಕಿಟ್‌ಗಳನ್ನು ಕಾರಿನಲ್ಲಿ ಬಿಡಲು ಮನಸ್ಸಾಗದೆ ಒಳಗೇ ತಂದಿದ್ದೆವು. ಅಕ್ಕ ಅವನ್ನು ಒಂದು ಮೂಲೆಗೆ ನಿಲ್ಲಿಸಿಕೊಳ್ಳಿ ಅಂದರು. ಅಲ್ಲಿ ಆಗಲೇ ಅವರ ಮಗನ ಹಾಕಿ ಸ್ಟಿಕ್ ಎರಡು ಇದ್ದವು. ಕೊಡಗಿನ ಮನೆಯಲ್ಲಿ ಅದಿಲ್ಲದಿದ್ದರೇ ಆಶ್ಚರ್ಯ. ಪಕ್ಕ ಪಕ್ಕ ನಿಂತಾಗ ನಮ್ಮ ಡ್ರೈವರ್ ಹಾಕಿ ಸ್ಟಿಕ್ಕಿಗಿಂತ ಮುಕ್ಕಾಲು ಅಡಿ ಎತ್ತರ ಕಂಡಿತು. 'ನಮ್ಮ ಹುಡುಗರು ಹತ್ತು ಜನ, ಹತ್ತು ಸ್ಟಿಕ್ಕು ಒಂದೇ ಜೀಪಲ್ಲಿ ಮ್ಯಾಚಿಗೆ ಹೋಗ್ತಾರೆ. ನಿಮ್ಮದ್ಯಾಕೆ ಇಷ್ಟು ಉದ್ದ?' ಅಂತ ಅಕ್ಕ ಕೇಳಿದರು. ಉತ್ತರ ನನಗೂ ಗೊತ್ತಿರಲಿಲ್ಲ.

ಹೋಂಸ್ಟೇ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಾತ್ರಿಗೆ 4,500 ಕೊಟ್ಟೆವು, ಬಿಸಿನೀರು ಬೆಳಗ್ಗೆ ಏಳರಿಂದ ಎಂಟರವರೆಗೆ ಮಾತ್ರ. ಆದರೆ ದಾರಿಯ ಬಗ್ಗೆ ಹೇಳಲೇಬೇಕು. ಕೊನೆಯ ಒಂದು ಕಿಲೋಮೀಟರ್ ತೋಟದೊಳಗಿನ ಮಣ್ಣು ರಸ್ತೆ. ನಡುವೆ ಹುಲ್ಲಿನ ದಿಬ್ಬ, ಎರಡೂ ಕಡೆ ಟ್ರ್ಯಾಕ್ಟರ್ ಚಕ್ರದ ಗುಂಡಿ. ನಮ್ಮ ಸೆಡಾನ್ ಹೊಟ್ಟೆ ಉಜ್ಜಿಕೊಂಡೇ ಹೋಯಿತು. ಕೊಡಗಿಗೆ ಕಾರು ಆರಿಸುವಾಗ ಡಿಕ್ಕಿಯ ಜೊತೆ ಗ್ರೌಂಡ್ ಕ್ಲಿಯರೆನ್ಸನ್ನೂ ನೋಡಬೇಕು. ಹಾಗಂತ ಭಾರೀ ಅಗಲದ ಎಸ್‌ಯುವಿ ತಂದರೆ ಎದುರಿಂದ ಜೀಪು ಬಂದಾಗ ಅರ್ಧ ಫರ್ಲಾಂಗು ರಿವರ್ಸ್ ಹೋಗಬೇಕಾಗುತ್ತೆ.

ಆಟಕ್ಕೆ ಹೆಚ್ಚಿನವರು ಹೋಗುವುದು ವಿರಾಜಪೇಟೆ ಹತ್ತಿರದ ಬಿಟ್ಟಂಗಾಲದ ಗಾಲ್ಫ್ ಮೈದಾನಕ್ಕೆ. ಅಲ್ಲಿ 18 ಹೋಲ್, ಅಂದರೆ ಚೆಂಡು ಬೀಳಿಸುವ ಗುಂಡಿ, ಇವೆ. ಪಾಲಿಬೆಟ್ಟದಲ್ಲಿ ಕಾಫಿ ತೋಟಗಳ ನಡುವೆ 9 ಹೋಲಿನದ್ದು, ಮಡಿಕೇರಿಯಲ್ಲಿ ಹಳೆಯ ಕ್ಲಬ್ಬಿನದ್ದು. ಎಲ್ಲಿಗೇ ಹೋಗಿ, ಹಿಂದಿನ ದಿನವೇ ಫೋನ್ ಮಾಡಿ ಹೊರಗಿನವರಿಗೆ ಆಡಲು ಬಿಡುತ್ತಾರಾ ಕೇಳಿಕೊಳ್ಳಿ. ಪಾಲಿಬೆಟ್ಟ, ಸಿದ್ದಾಪುರದ ಕಡೆ ಕತ್ತಲಾದ ಮೇಲೆ ತೋಟದ ರಸ್ತೆಗೆ ಆನೆ ಬರುತ್ತೆ. ಸ್ಥಳೀಯ ಡ್ರೈವರ್‌ಗಳು ಸಂಜೆಯಾಗುತ್ತಲೇ ಗಡಿಯಾರ ನೋಡಲು ಶುರು ಮಾಡುತ್ತಾರೆ. ಅವರ ಮಾತು ಕೇಳಿ.

ನಾವು ಹೋದದ್ದು ಕೊಡವರ ಕೈಲ್‌ಪೊಳ್ದ್ ಹಬ್ಬ ಮುಗಿದ ಮುಂದಿನ ವಾರ, ಅಂದರೆ ಸೆಪ್ಟೆಂಬರ್. ಮಳೆ ಗಂಟೆಗೊಂದು ಸಲ ಬಂದು ಮುಖ ತೋರಿಸಿ ಹೋಗುತ್ತಿತ್ತು. ಚೆಂಡು ಹುಡುಕಲು ಪೊದೆಗೆ ಕಾಲಿಟ್ಟ ಗೆಳೆಯನ ಸಾಕ್ಸಿನಲ್ಲಿ ಮೂರು ಜಿಗಣೆ. ನನಗೆ ಮಳೆ, ಜಿಗಣೆ ಎರಡೂ ಪರವಾಗಿಲ್ಲ, ಜನಜಂಗುಳಿ ಮಾತ್ರ ಆಗದು. ಅದಕ್ಕೇ ರಾಜಾಸೀಟು, ಅಬ್ಬಿ, ದುಬಾರೆ ಯಾವುದಕ್ಕೂ ಹೋಗಲಿಲ್ಲ. ಅವುಗಳ ಬಗ್ಗೆ ನನ್ನನ್ನು ಕೇಳಬೇಡಿ.

ಮೂರನೇ ದಿನ ಸೆಡಾನ್ ವಾಪಸ್ ಕಳಿಸಿದೆವು. ಮರಳುವುದಕ್ಕೆ ಬೇರೆ ಗಾಡಿ ಬೇಕಿತ್ತು. ಈ ಸಲ ಬುದ್ಧಿ ಬಂದಿತ್ತು. ಹೋಂಸ್ಟೇಯಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಮೇಸ್ತ್ರಿಯ ಹತ್ತಿರ ಟೇಪ್ ಇಸಕೊಂಡು ವಿರಾಜಪೇಟೆಯ ಗಡಿಯಾರ ಗೋಪುರದ ಕಡೆ ಹೋದೆವು. ಟ್ಯಾಕ್ಸಿಯವರನ್ನು ಒಬ್ಬೊಬ್ಬರಾಗಿ ಕೇಳಿ ಡಿಕ್ಕಿ ತೆಗೆಸಿದೆ. ಮೊದಲು ಇಬ್ಬರು ಡ್ರೈವರ್‌ಗಳು ಸುತ್ತ ನಿಂತರು, ಆಮೇಲೆ ಆರು, ಕೊನೆಗೆ ಹಣ್ಣಿನಂಗಡಿಯವನೂ ಬಂದ. 'ಹೆಣ ಸಾಗಿಸೋಕಾ ಸಾರ್?' ಅಂತ ಒಬ್ಬ ಮೆಲ್ಲಗೆ ಕೇಳಿದ.

ಅಳೆದಾಗ ಗೊತ್ತಾದದ್ದು ಇಷ್ಟು. ನನ್ನ ಡ್ರೈವರ್ 45 ಇಂಚು. ನಿಯಮದ ಪ್ರಕಾರ ಕೋಲು 48 ಇಂಚು ಮೀರುವಂತಿಲ್ಲ. ಬ್ಯಾಗಿನ ತಳ, ಮೇಲಿನ ಕವರ್ ಸೇರಿದರೆ ನನ್ನದು 50 ಇಂಚು ಆಯಿತು. ಡಿಕ್ಕಿಗಳ ಅಗಲವೋ, ಎರಡು ಚಕ್ರದ ಉಬ್ಬುಗಳ ನಡುವೆ ಹೆಚ್ಚಿನ ಗಾಡಿಗಳಲ್ಲಿ 40 ಇಂಚಿನ ಆಸುಪಾಸು. ಅಂದರೆ ಬ್ಯಾಗು ಅಡ್ಡಕ್ಕೆ ಮಲಗುವುದೇ ಇಲ್ಲ. ಮೂಲೆಯಿಂದ ಮೂಲೆಗೆ ಇಟ್ಟರೆ ಒಂದು ಹಿಡಿಸುತ್ತೆ, ಎರಡನೆಯದು ಅದರ ಮೇಲೆ ಹತ್ತಬೇಕು, ಮೂರನೆಯದಕ್ಕೆ ಡಿಕ್ಕಿ ಮುಚ್ಚಲ್ಲ.

ಕಂಪನಿಯವರು ಹೇಳುವ ಲೀಟರ್ ಲೆಕ್ಕವನ್ನು ನಂಬಿ ಕೂರಬೇಡಿ. ಹೋಂಡಾ ಸಿಟಿ ಸೆಡಾನ್‌ಗೆ 506 ಲೀಟರ್, ಹುಂಡೈ ಕ್ರೆಟಾಗೆ 433 ಲೀಟರ್ ಅಂತ ಓದಿದರೆ ಸಿಟಿಯೇ ಮೇಲು ಅನ್ನಿಸುತ್ತೆ. ಆದರೆ ಕ್ರೆಟಾದ ಹಿಂದಿನ ಸೀಟಿನ ಒಂದು ಭಾಗ ಮಡಚಿದರೆ ಬ್ಯಾಗು ಉದ್ದಕ್ಕೆ ಒಳಗೆ ಹೋಗುತ್ತೆ. ಸೆಡಾನ್‌ಗಳಲ್ಲಿ ಹೆಚ್ಚಿನವಕ್ಕೆ ಹಿಂದಿನ ಸೀಟು ಮಡಚಲು ಬರುವುದೇ ಇಲ್ಲ. ಲೀಟರ್ ಅಂದರೆ ನೀರು ತುಂಬುವ ಲೆಕ್ಕ, ನಮ್ಮದು ಕೋಲು. ಇಬ್ಬರೇ ಆಡುವವರಾದರೆ ಸೀಟು ಅರ್ಧ ಮಡಚುವ ಹ್ಯಾಚ್‌ಬ್ಯಾಕ್ ಧಾರಾಳ ಸಾಕು, ಸುಮ್ನೆ ದೊಡ್ಡ ಗಾಡಿಗೆ ದುಡ್ಡು ಸುರಿಯಬೇಡಿ.

ಮೂವರಾದರೆ ಏಳು ಸೀಟಿನದ್ದೇ ಬೇಕು, ಕೊನೆಯ ಸಾಲು ಮಡಚಿ. ಇಲ್ಲೂ ಒಂದು ಕಿತಾಪತಿ ಇದೆ. ಇನ್ನೋವಾ ಕ್ರಿಸ್ಟಾದ ಕೊನೆಯ ಸೀಟುಗಳು ನೆಲಕ್ಕೆ ಮಡಚುವುದಿಲ್ಲ, ಎರಡೂ ಪಕ್ಕಕ್ಕೆ ಎತ್ತಿ ನೇತು ಹಾಕಬೇಕು. ಅಗಲ ಕಡಿಮೆಯಾಗುತ್ತೆ, ಬ್ಯಾಗುಗಳನ್ನು ಉದ್ದಕ್ಕೇ ಇಡಬೇಕು. ಎರ್ಟಿಗಾದಲ್ಲಿ ಅವು ಚಪ್ಪಟೆಯಾಗಿ ಮಲಗುತ್ತವೆ. ನಾಲ್ಕೂ ಜನ ಕೂತು ಮೂರು ಕಿಟ್ ಒಂದರ ಪಕ್ಕ ಒಂದು ಮಲಗಿಸಿದರೂ ಮೇಲೆ ಜಾಗ ಉಳಿಯಿತು. ಆದರೆ ಪೆಟ್ರೋಲಿನದ್ದೇ ಕೇಳಿ. ಸಿಎನ್‌ಜಿ ಎರ್ಟಿಗಾದಲ್ಲಿ ಸಿಲಿಂಡರ್ ಅದೇ ಜಾಗದಲ್ಲಿ ಕೂತಿರುತ್ತೆ. ಟಾಟಾದವರು 2023ರಿಂದ ಒಂದು ದೊಡ್ಡ ಸಿಲಿಂಡರ್ ಬದಲು ಎರಡು ಚಿಕ್ಕವನ್ನು ಡಿಕ್ಕಿಯ ನೆಲದ ಕೆಳಗೆ ಇಡುತ್ತಿದ್ದಾರೆ, ಅಂಥದ್ದಾದರೆ ಪರವಾಗಿಲ್ಲ. ಬಾಡಿಗೆಗೆ ಬರುವ ಸಿಎನ್‌ಜಿ ಗಾಡಿ ಅದೇ ಅಂತ ಮಾತ್ರ ಅಂದುಕೊಳ್ಳಬೇಡಿ.

ಏಜೆಂಟ್ ಹತ್ತಿರ 'ಡಿಕ್ಕಿ ದೊಡ್ಡದಾ?' ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ. ಬರುವ ಗಾಡಿಯದ್ದೇ ನಂಬರ್ ಕೇಳಿ, ಡಿಕ್ಕಿ ತೆರೆದ ಫೋಟೊ ವಾಟ್ಸಾಪಿಗೆ ಹಾಕಿಸಿಕೊಳ್ಳಿ. ಸ್ಟೆಪ್ನಿ ಎಲ್ಲಿದೆ ಅಂತಲೂ ಅದರಲ್ಲಿ ಕಾಣಬೇಕು. ಡ್ರೈವರ್ ಒಂದನ್ನು ಬ್ಯಾಗಿಂದ ತೆಗೆದು ಟವೆಲ್ ಸುತ್ತಿ ಬೇರೆ ಇಟ್ಟರೆ ಸ್ವಲ್ಪ ಜಾಗ ಉಳಿಯುತ್ತೆ. ಅದರ ದಂಡ ಗ್ರಾಫೈಟ್. ಡಿಕ್ಕಿ ಬಾಗಿಲು ಒತ್ತಿ ಮುಚ್ಚುವ ಉತ್ಸಾಹಿ ಡ್ರೈವರ್ ಸಿಕ್ಕರೆ ಕಟ್ ಅಂತ ಒಂದೇ ಸದ್ದು. ಮೇಲಿನ ಕ್ಯಾರಿಯರ್‌ಗೆ ಕಟ್ಟುತ್ತೇನೆ ಅಂದರೆ ಮಳೆಗಾಲದಲ್ಲಿ ಬೇಡವೇ ಬೇಡ. ಟಾರ್ಪಾಲ್ ಹೊದಿಸಿದರೂ ಒಳಗೆ ನೀರು ಇಳಿಯುತ್ತೆ. ಒದ್ದೆ ಬ್ಯಾಗನ್ನು ರಾತ್ರಿ ಡಿಕ್ಕಿಯಲ್ಲಿ ಬಿಟ್ಟರೂ ಅಷ್ಟೇ. ಗೆಳೆಯ ಬಿಟ್ಟಿದ್ದ. ಬೆಂಗಳೂರು ತಲುಪಿ ನಾಲ್ಕನೇ ದಿನ ತೆಗೆದು ನೋಡಿದರೆ ಗ್ರಿಪ್ ಮೇಲೆ ಬೂಷ್ಟು.

ವಾಪಸ್ ಬರುವಾಗ ಎರ್ಟಿಗಾ ಗೋಣಿಕೊಪ್ಪದಲ್ಲಿ ನಿಂತಿತು. ಅಕ್ಕನ ಹೋಟೆಲಲ್ಲಿ ಊಟ ಮುಗಿಸಿ ಹೊರಗೆ ಬಂದರೆ ಭಾವ ಆಗಲೇ ಡಿಕ್ಕಿ ತೆಗೆಸಿದ್ದರು. ಮೂರು ಗೊನೆ ನೇಂದ್ರ ಬಾಳೆ, ಎರಡು ಕೆಜಿ ಕರಿಮೆಣಸು, ಯಾರೋ ಕೊಟ್ಟ ಕಿತ್ತಳೆ ಗಿಡದ ಎರಡು ಸಸಿ. 'ಜಾಗ ಇತ್ತಲ್ಲ' ಅಂದರು. ಸಸಿ ಮುರಿಯಬಾರದು ಅಂತ ನನ್ನ ಕಿಟ್ ಮತ್ತೆ ನನ್ನ ಕಾಲ ಮೇಲೆ ಬಂತು. ಮೈಸೂರು ತಲುಪುವಷ್ಟರಲ್ಲಿ ಏಜೆಂಟ್ ಬಿಲ್ ಕಳಿಸಿದ್ದ. ಹೋಗುವಾಗಿನ ಸೆಡಾನ್‌ಗೆ ಬಾಡಿಗೆ, ಬತ್ತಾ, ಅದರ ಕೆಳಗೆ 'ಹೆಚ್ಚುವರಿ ಲಗೇಜ್ – 800'.