ಟರ್ಬೊ ಪೆಟ್ರೋಲ್ ಕಾರಿಗೆ ಎಂಜಿನ್ ಆಯಿಲ್: ಡಬ್ಬದ ಹಿಂಬದಿಯನ್ನು ಮೊದಲು ಓದಿ

ಸರ್ವಿಸ್‌ಗೆ ಬರುವ ಟರ್ಬೊ ಪೆಟ್ರೋಲ್ ಕಾರುಗಳ ಮಾಲೀಕರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ‘5ಡಬ್ಲ್ಯು-30 ಹಾಕಿಸಲೋ, 5ಡಬ್ಲ್ಯು-40 ಹಾಕಿಸಲೋ?’ ಡಬ್ಬದ ಮುಂಬದಿಯಲ್ಲಿ ಎದ್ದು ಕಾಣುವುದು ಆಯಿಲ್ ಎಷ್ಟು ದಪ್ಪ ಎಂದು ಸೂಚಿಸುವ ಆ ಗ್ರೇಡಿನ ಅಂಕಿಯೇ ಆದ್ದರಿಂದ ಪ್ರಶ್ನೆ ಸಹಜವಾದುದು. ಆದರೆ ಈ ಕೆಲಸ ನನಗೆ ಕಲಿಸಿದ್ದು, ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಏನೆಂದರೆ, ಡಬ್ಬವನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು ಮತ್ತು ಅವು ಕಾರಿನ ಕೈಪಿಡಿಯಲ್ಲಿರುವ ಮಾನದಂಡಕ್ಕೆ ಹೊಂದುತ್ತವೆಯೇ ಎಂದು ನೋಡಬೇಕು. ಗ್ರೇಡಿನ ಮಾತು ಅದರ ನಂತರದ್ದು.

ಟರ್ಬೊದೊಳಗೆ ನಡೆಯುವುದನ್ನು ತಿಳಿದವರಿಗೆ ಇದು ಅತಿಯಾದ ಎಚ್ಚರಿಕೆ ಎನಿಸುವುದಿಲ್ಲ. ಟರ್ಬೊ ಎಂದರೆ ಎಂಜಿನ್ನಿನಿಂದ ಹೊರಬರುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ; ಅದರ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಚಿಕ್ಕ ಎಂಜಿನ್‌ಗಳ ಟರ್ಬೊಗಳಲ್ಲಿ ಈ ವೇಗ ಎರಡು ಲಕ್ಷವನ್ನೂ ದಾಟಬಲ್ಲದು. ಹೆಚ್ಚಿನ ಟರ್ಬೊಗಳಲ್ಲಿ ಬಾಲ್ ಬೇರಿಂಗ್ ಇರುವುದಿಲ್ಲ, ಶಾಫ್ಟ್ ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಲೇ ತಿರುಗುತ್ತದೆ. ಅದರ ಒಂದು ತುದಿಗೆ ಬಡಿಯುವ ಹೊಗೆಯ ಉಷ್ಣತೆ ಪೆಟ್ರೋಲ್ ಎಂಜಿನ್ನಿನಲ್ಲಿ 900 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಎಂಜಿನ್ ಆರಿಸಿದ ಕ್ಷಣ ಆಯಿಲ್ ಹರಿವು ನಿಲ್ಲುತ್ತದೆ, ಆದರೆ ಹೊಗೆ ಬಡಿದು ಕಾದ ಟರ್ಬೈನ್ ಭಾಗದ ಶಾಖ ಬೇರಿಂಗಿನತ್ತ ಹರಿದುಬರುತ್ತಲೇ ಇರುತ್ತದೆ. ಈಗಿನ ಟರ್ಬೊಗಳಿಗೆ ಕೂಲಂಟ್‌ನ ಸುತ್ತು ಇರುವುದರಿಂದ ತೊಂದರೆ ಕಡಿಮೆಯಾಗಿದೆಯೇ ಹೊರತು ಇಲ್ಲವಾಗಿಲ್ಲ. ಅಲ್ಲಿ ನಿಂತ ಆಯಿಲ್ ಆ ಶಾಖವನ್ನು ತಡೆದುಕೊಳ್ಳದಿದ್ದರೆ ಸುಟ್ಟು ಗಟ್ಟಿಯಾಗುತ್ತದೆ.

ಹಾಗೆ ಸುಟ್ಟ ಆಯಿಲ್ ಹೇಗಿರುತ್ತದೆ ಎಂಬುದನ್ನು ಶಿಳ್ಳೆಯಂಥ ಸದ್ದು ಮತ್ತು ನೀಲಿ ಹೊಗೆಯ ದೂರಿನೊಂದಿಗೆ ನಮ್ಮಲ್ಲಿಗೆ ಬಂದ ಒಂದು ಕಾರಿನಲ್ಲಿ ಹತ್ತಿರದಿಂದ ನೋಡಿದೆ. ಟರ್ಬೊಗೆ ಆಯಿಲ್ ಒಯ್ಯುವ ಕೊಳವೆಯನ್ನು ಜೋಡಿಸುವ ಟೊಳ್ಳು ಬೋಲ್ಟನ್ನು (ಬ್ಯಾಂಜೊ ಬೋಲ್ಟ್) ಬಿಚ್ಚಿದಾಗ, ಅದರೊಳಗಿನ ಕಿರುಬೆರಳ ತುದಿಗಿಂತಲೂ ಚಿಕ್ಕದಾದ ಜಾಲರಿಯಲ್ಲಿ ಕಪ್ಪು ಹರಳುಗಳು ತುಂಬಿಕೊಂಡು ಬೆಳಕೇ ತೂರದಂತಾಗಿತ್ತು. ಉಗುರಿನಿಂದ ಕೆರೆದರೆ ಇದ್ದಿಲ ಪುಡಿಯಂತೆ ಉದುರಿತು. ಶಾಫ್ಟನ್ನು ಬೆರಳಿನಲ್ಲಿ ಹಿಡಿದು ಅಲುಗಿಸಿದರೆ ಇನ್ನೊಂದು ತುದಿಯಲ್ಲಿ ಗಾಳಿ ತಳ್ಳುವ ಕಂಪ್ರೆಸರ್ ಚಕ್ರ ಗೋಡೆಗೆ ತಾಗುವಷ್ಟು ಸಡಿಲ. ಆ ಕಾರಿಗೆ ಹಾಕುತ್ತಿದ್ದುದು 20ಡಬ್ಲ್ಯು-50 ಮಿನರಲ್ ಆಯಿಲ್. ‘ಟರ್ಬೊ ತುಂಬಾ ಬಿಸಿಯಾಗುತ್ತದಲ್ಲ ಸರ್, ದಪ್ಪ ಆಯಿಲ್ ಇದ್ದರೆ ಒಳ್ಳೆಯದು ಅಂದುಕೊಂಡೆ’ ಎಂದರು ಮಾಲೀಕರು. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಶಾಖಕ್ಕೆ ಕೆಡದೆ ಉಳಿಯುವ ಗುಣ ಬರುವುದು ಮೂಲ ಎಣ್ಣೆ ಮತ್ತು ಅದಕ್ಕೆ ಬೆರೆಸಿದ ರಾಸಾಯನಿಕಗಳಿಂದ, ದಪ್ಪದಿಂದಲ್ಲ. ಮೇಲಾಗಿ ಅತಿ ದಪ್ಪ ಆಯಿಲ್ ತಣ್ಣನೆಯ ಎಂಜಿನ್ ಚಾಲೂ ಆದಾಗ ಟರ್ಬೊ ಬೇರಿಂಗನ್ನು ತಡವಾಗಿ ತಲುಪುತ್ತದೆ.

ಗ್ರೇಡಿನ ಅಂಕಿ ಹೇಳುವುದು ಬಹಳ ಸೀಮಿತವಾದ ಸಂಗತಿಯನ್ನು. 5ಡಬ್ಲ್ಯು ಎಂಬುದು ಚಳಿಯಲ್ಲಿ ಆಯಿಲ್ ಹರಿಯುವ ಬಗೆಯನ್ನೂ, 30 ಎಂಬುದು 100 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ, ಅಂದರೆ ದಪ್ಪ, 9.3ರಿಂದ 12.5 ಸೆಂಟಿಸ್ಟೋಕ್ಸ್ ನಡುವೆ ಇರುವುದನ್ನೂ ತಿಳಿಸುತ್ತದೆ. ಟರ್ಬೊ ಎಂಜಿನ್ನಿನ ಬೇರಿಂಗುಗಳಿಗೆ ಹೆಚ್ಚು ಮುಖ್ಯವಾದುದು 150 ಡಿಗ್ರಿ ಶಾಖದಲ್ಲಿ, ರಭಸದ ಉಜ್ಜಾಟದ ನಡುವೆ ಪದರ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದು. ಇದನ್ನು ಎಚ್‌ಟಿಎಚ್‌ಎಸ್ (ಹೈ ಟೆಂಪರೇಚರ್ ಹೈ ಶಿಯರ್) ಎಂದು ಅಳೆಯುತ್ತಾರೆ. ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎಯ ವರ್ಗಗಳಲ್ಲಿ ಸಿ2 ಆಯಿಲ್‌ಗೆ ಇದು ಕನಿಷ್ಠ 2.9 ಮಿಲಿಪಾಸ್ಕಲ್-ಸೆಕೆಂಡ್ ಇದ್ದರೆ ಸಾಕು, ಸಿ3 ಆಯಿಲ್‌ಗೆ ಕನಿಷ್ಠ 3.5 ಇರಬೇಕು. ಎರಡರ ಡಬ್ಬದ ಮೇಲೂ 5ಡಬ್ಲ್ಯು-30 ಎಂದೇ ಬರೆದಿರಬಹುದು. ಸಿ3 ಕೇಳುವ ಎಂಜಿನ್ನಿಗೆ ಸಿ2 ಸುರಿದವರಿಗೆ ತಾವು ಬೇರೆ ಆಯಿಲ್ ಹಾಕಿದ್ದೇವೆಂಬುದು ಗೊತ್ತೇ ಆಗುವುದಿಲ್ಲ.

ಟರ್ಬೊದಷ್ಟೇ ಗಂಭೀರವಾದ ಇನ್ನೊಂದು ವಿಷಯ ಸಿಲಿಂಡರಿನೊಳಗಿನದು, ಇದರ ಬಗ್ಗೆ ಅನುಭವಿ ಮೆಕ್ಯಾನಿಕ್‌ಗಳೂ ಕಡಿಮೆ ಮಾತನಾಡುತ್ತಾರೆ. ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಚಿಕ್ಕ ಟರ್ಬೊ ಎಂಜಿನ್ನನ್ನು ಕಡಿಮೆ ವೇಗದಲ್ಲಿ, ಮೇಲಿನ ಗೇರಿನಲ್ಲೇ ಇಟ್ಟುಕೊಂಡು ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ, ಪಿಸ್ಟನ್ ರಿಂಗುಗಳ ಸಂದಿಯಿಂದ ಹಾರುವ ಆಯಿಲ್ ಮತ್ತು ಪೆಟ್ರೋಲ್ ಬೆರೆತ ಹನಿ ಸ್ಪಾರ್ಕ್ ಬರುವ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚಬಲ್ಲದು. ಇದಕ್ಕೆ ಎಲ್‌ಎಸ್‌ಪಿಐ (ಲೋ ಸ್ಪೀಡ್ ಪ್ರೀ-ಇಗ್ನಿಷನ್) ಎಂದು ಹೆಸರು. ಆಗ ಏರುವ ಒತ್ತಡಕ್ಕೆ ಪಿಸ್ಟನ್ನಿನಲ್ಲಿ ರಿಂಗುಗಳ ನಡುವಿನ ಅಂಚು ಒಡೆದುಹೋಗುವುದುಂಟು. ಆಯಿಲ್‌ಗೆ ಕೊಳೆ ತೊಳೆಯಲೆಂದು ಬೆರೆಸುವ ಕ್ಯಾಲ್ಸಿಯಂ ಈ ಅಪಾಯವನ್ನು ಹೆಚ್ಚಿಸುತ್ತದೆ ಎಂದು ತಿಳಿದ ಮೇಲೆ, ಆಯಿಲ್ ತಯಾರಕರು ಅದರ ಒಂದು ಪಾಲಿನ ಬದಲು ಮೆಗ್ನೀಸಿಯಂ ಬಳಸತೊಡಗಿದರು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ 2018ರಲ್ಲಿ ತಂದ ಎಸ್‌ಎನ್ ಪ್ಲಸ್ ಮತ್ತು 2020ರಲ್ಲಿ ತಂದ ಎಸ್‌ಪಿ ದರ್ಜೆಗಳಲ್ಲಿ ಎಲ್‌ಎಸ್‌ಪಿಐ ಪರೀಕ್ಷೆಯನ್ನು ಸೇರಿಸಲಾಗಿದೆ. ಎಸ್‌ಪಿಯಲ್ಲಿ ಟೈಮಿಂಗ್ ಚೈನಿನ ಸವೆತದ ಪರೀಕ್ಷೆಯೂ ಇದೆ. ಆದ್ದರಿಂದ ಕೈಪಿಡಿ ಎಪಿಐ ದರ್ಜೆಯನ್ನು ಕೇಳುವ ಇಂಥ ಎಂಜಿನ್ನಿಗೆ ಎಸ್‌ಪಿ ಅಥವಾ ಅದಕ್ಕಿಂತ ಹೊಸ ದರ್ಜೆ ಇಲ್ಲದ ಡಬ್ಬವನ್ನು ನಾನು ತೆರೆಯುವುದಿಲ್ಲ. ಸಿಐ-4, ಸಿಕೆ-4ರಂತೆ ಡೀಸೆಲ್ ದರ್ಜೆ ಮಾತ್ರ ಇರುವ ಆಯಿಲ್ ಎಷ್ಟೇ ಉತ್ತಮವಾಗಿದ್ದರೂ ಇಲ್ಲಿಗೆ ತಕ್ಕುದಲ್ಲ.

ಕಾರು ತಯಾರಕರು ತಮ್ಮದೇ ಅನುಮೋದನೆಯ ಸಂಖ್ಯೆ ಕೊಟ್ಟಿದ್ದರೆ ಅದೇ ಅಂತಿಮ. ಮರ್ಸಿಡಿಸ್ 229.52, ಬಿಎಂಡಬ್ಲ್ಯು ಲಾಂಗ್‌ಲೈಫ್-04, ಜನರಲ್ ಮೋಟರ್ಸ್‌ನ ಡೆಕ್ಸೊಸ್ ಇಂಥವು. ಫೋಕ್ಸ್‌ವ್ಯಾಗನ್‌ನ 508 00 ಒಳ್ಳೆಯ ಉದಾಹರಣೆ: ಅದು 0ಡಬ್ಲ್ಯು-20 ಗ್ರೇಡಿನ ತೆಳು ಆಯಿಲ್, ಅದಕ್ಕೆಂದೇ ರೂಪಿಸಿದ ಎಂಜಿನ್ನಿಗೆ ಸರಿಯಾದುದು, 502 00 ಅಥವಾ 504 00 ಕೇಳುವ ಅದೇ ಕಂಪನಿಯ ಹಳೆಯ ಎಂಜಿನ್ನಿಗೆ ಹಾಕುವಂತಿಲ್ಲ. ಹೊಸ ಸಂಖ್ಯೆ ಎಂದ ಮಾತ್ರಕ್ಕೆ ಹಳೆಯದರ ಸ್ಥಾನ ತುಂಬುತ್ತದೆ ಎಂದುಕೊಳ್ಳಬಾರದು. ಡಬ್ಬದ ಹಿಂಬದಿಯ ಮಾತಿನಲ್ಲೂ ವ್ಯತ್ಯಾಸವಿದೆ. ‘ಅನುಮೋದಿತ’ ಎಂದರೆ ಕಾರು ತಯಾರಕರು ಒಪ್ಪಿಗೆ ಕೊಟ್ಟಿದ್ದಾರೆ. ‘ಬಳಸಲು ಸೂಕ್ತ’ ಎಂದರೆ ಆಯಿಲ್ ತಯಾರಕರು ತಾವೇ ಹಾಗೆ ಹೇಳಿಕೊಳ್ಳುತ್ತಿದ್ದಾರೆ. ವಾರಂಟಿ ಇರುವ ಕಾರಿಗೆ ನಾನು ಮೊದಲನೆಯದನ್ನೇ ಕೇಳುತ್ತೇನೆ.

ಹೊಗೆ ಕೊಳವೆಯಲ್ಲಿ ಮಸಿಯ ಕಣಗಳನ್ನು ಹಿಡಿಯುವ ಪಾರ್ಟಿಕ್ಯುಲೇಟ್ ಫಿಲ್ಟರ್ ಇದ್ದರೆ ಸಾಮಾನ್ಯವಾಗಿ ಬೂದಿ ಕಡಿಮೆ ಬಿಡುವ, ಎಸಿಇಎಯ ಸಿ ವರ್ಗದ ಆಯಿಲ್ ಬೇಕಾಗುತ್ತದೆ. ಕೆಲವು ಮೂರು ಸಿಲಿಂಡರ್ ಟರ್ಬೊ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ನೆನೆದು ಓಡುತ್ತದೆ. ಒಪ್ಪದ ಆಯಿಲ್ ಹಾಕಿದರೆ ಬೆಲ್ಟಿನ ರಬ್ಬರ್ ಚೂರಾಗಿ ಪಂಪಿನ ಜಾಲರಿಗೆ ಕಟ್ಟಿಕೊಳ್ಳುತ್ತದೆ, ಆಗ ಇಡೀ ಎಂಜಿನ್ನಿಗೇ ಆಯಿಲ್ ಸಿಗದು. ಇಂಥ ಕಾರುಗಳಲ್ಲಿ ಅನುಮೋದನೆಯ ಸಂಖ್ಯೆಯನ್ನು ಬಿಟ್ಟು ಒಂದು ಹೆಜ್ಜೆಯೂ ಅತ್ತಿತ್ತ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ರ್ಯಾಂಡಿನ ಆಯ್ಕೆ ಇವೆಲ್ಲದರ ನಂತರ ಬರುವುದು, ಮತ್ತು ಅನುಮೋದನೆ ಇರುವ ಎರಡು ಬ್ರ್ಯಾಂಡುಗಳ ನಡುವೆ ನಾನು ಭೇದ ಮಾಡುವುದಿಲ್ಲ.

ಸರಿಯಾದ ಆಯಿಲ್ ಹಾಕಿದ ಮೇಲೂ ಡಿಪ್‌ಸ್ಟಿಕ್ ನೋಡುವ ಅಭ್ಯಾಸ ಬೇಕು. ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಚಿಕ್ಕ ಓಡಾಟಗಳೇ ಹೆಚ್ಚಾಗಿದ್ದರೆ ಉರಿಯದ ಪೆಟ್ರೋಲ್ ಆಯಿಲ್‌ಗೆ ಸೇರುತ್ತದೆ. ಮಟ್ಟ ಇಳಿಯುವ ಬದಲು ಏರಿದ್ದರೆ, ಕಡ್ಡಿಯನ್ನು ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ, ನಿಗದಿತ ಕಿಲೋಮೀಟರ್ ತುಂಬಲೆಂದು ಕಾಯದೆ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಾಯಿಸಿಕೊಳ್ಳಿ. ಬಿಲ್ಲಿನಲ್ಲಿ ಗ್ರೇಡಿನ ಜೊತೆಗೆ ಅನುಮೋದನೆಯ ಸಂಖ್ಯೆಯನ್ನೂ ಬರೆಸಿಕೊಂಡರೆ, ಮುಂದಿನ ಸಲ ಬೇರೆ ಯಾರೇ ಸರ್ವಿಸ್ ಮಾಡಿದರೂ ಅದೇ ಆಯಿಲ್ ಸಿಗುತ್ತದೆ.