"ಎಷ್ಟು ಕೊಡ್ತಾರೆ?"

ಸಿನಿಮಾ ವಿಮರ್ಶೆ ಬರೆಯುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಎಷ್ಟು ಕೊಡ್ತಾರೆ?" ಏನೂ ಕೊಡುವುದಿಲ್ಲ. ನಮ್ಮ ಬಳಗದಲ್ಲಿ ಬರೆಯುವವರು, ತಿದ್ದುವವರು ಎಲ್ಲರೂ ಬೇರೆ ಕೆಲಸ ಮಾಡಿಕೊಂಡೇ ಹೊಟ್ಟೆ ಹೊರೆಯುವವರು. ಟಿಕೆಟ್ ದುಡ್ಡೂ ನಮ್ಮದೇ.

ಇಷ್ಟಕ್ಕೆ ಜನ ಬಿಡುವುದಿಲ್ಲ. ಹೊಗಳಿದರೆ ನಿರ್ಮಾಪಕರ ಕಡೆಯಿಂದ ಏನೋ ಸಿಕ್ಕಿದೆ ಅನ್ನುತ್ತಾರೆ. ತೆಗಳಿದರೆ ಎದುರು ಹೀರೋ ಅಭಿಮಾನಿ ಅನ್ನುತ್ತಾರೆ. ಒಮ್ಮೆ ಪರಿಚಯದವರೊಬ್ಬರು ಹತ್ತಾರು ಜನರ ಮುಂದೆ, "ಬಿಟ್ಟಿ ಬರೆಯೋರು ಇನ್ನೆಷ್ಟು ಗಮನ ಕೊಟ್ಟು ಬರೀತಾರೆ ಬಿಡಿ" ಅಂದರು. ಆ ಮಾತು ನನಗೆ ಇವತ್ತಿಗೂ ಉರಿಯುತ್ತದೆ.

ಸತ್ಯಜಿತ್ ರಾಯ್ 1947ರಲ್ಲಿ ಗೆಳೆಯರ ಜೊತೆ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದಾಗ ಜಾಹೀರಾತು ಕಂಪನಿಯಲ್ಲಿ ಕೆಲಸಕ್ಕಿದ್ದರು. ಸಿನಿಮಾ ಬಗ್ಗೆ ಬರೆಯಲು ಶುರು ಮಾಡಿದ್ದೂ ಆ ಕೆಲಸದಲ್ಲಿದ್ದಾಗಲೇ. ಅವರು ಗಮನ ಕೊಡಲಿಲ್ಲ ಅಂತ ಯಾರಾದರೂ ಹೇಳುತ್ತಾರಾ?

ನಮ್ಮಲ್ಲಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು "ಕ್ಯಾಮೆರಾ ಕೆಲಸ ಚೆನ್ನಾಗಿದೆ" ಅಂತ ಬರೆದಿದ್ದಳು. ತಿದ್ದುವವರು ಪಕ್ಕದಲ್ಲಿ ಎರಡೇ ಪದ ಹಾಕಿ ವಾಪಸ್ ಕಳಿಸಿದರು: "ಯಾವ ದೃಶ್ಯ?" ಅವಳು ಕೋಪ ಮಾಡಿಕೊಳ್ಳಲಿಲ್ಲ. ಮತ್ತೆ ಟಿಕೆಟ್ ತೆಗೆದುಕೊಂಡು ಹೋಗಿ ಕೂತಳು. ವಾಪಸ್ ಬಂದು ಬರೆದದ್ದು ಇದು: ಅಡುಗೆಮನೆಯ ದೃಶ್ಯದಲ್ಲಿ ಕ್ಯಾಮೆರಾ ಹೊಸ್ತಿಲು ದಾಟುವುದೇ ಇಲ್ಲ. ಅಮ್ಮನ ಬೆನ್ನು ಮಾತ್ರ ಕಾಣುತ್ತದೆ. ಜಗಳವಾಡಿ ಹೋಗಿದ್ದ ಮಗನ ಜೊತೆ ನಾವೂ ಬಾಗಿಲಲ್ಲೇ ನಿಲ್ಲುತ್ತೇವೆ, ಒಳಗೆ ಹೋಗುವ ಧೈರ್ಯವಿಲ್ಲದೆ.

ನಾನೂ ಆ ಸಿನಿಮಾ ನೋಡಿದ್ದೆ. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈ ಒಂದು ಸಾಲಿಗೆ ಯಾರೂ ಅವಳಿಗೆ ಕಾಸು ಕೊಡಲಿಲ್ಲ ಅನ್ನುವುದು ನಿಜ. ಆದರೆ ಇದನ್ನು ಗಮನವಿಲ್ಲದೆ ಬರೆಯೋಕೆ ಆಗುತ್ತಾ?

ಇನ್ನು ಕೆಲವರಿಗೆ, ಎಲ್ಲರ ವಿಮರ್ಶೆಗಳನ್ನು ಒಟ್ಟುಹಾಕುವ ವೆಬ್‌ಸೈಟ್ ತೋರಿಸುವ ಅಂಕ ಮಾತ್ರ ಸಾಕು. "ರಾಟನ್ ಟೊಮ್ಯಾಟೋಸ್‌ನಲ್ಲಿ 90% ಇದೆ, ನೀವ್ಯಾಕೆ ಕೊಂಕು ತೆಗೀತೀರಿ?" ಅಂತಾರೆ. ಆ 90% ಅಂದರೆ 10ಕ್ಕೆ 9 ಅಂಕ ಅಲ್ಲ. 100 ವಿಮರ್ಶೆಗಳಲ್ಲಿ 90 ಸಿನಿಮಾದ ಪರವಾಗಿವೆ, ಅಷ್ಟೇ. ಕುಣಿದಾಡಿ ಮೆಚ್ಚಿದವರೂ ನೋಡಬಹುದು ಬಿಡಿ ಅಂದವರೂ ಅದರಲ್ಲಿ ಒಂದೇ ಲೆಕ್ಕ. ಹೊಸ್ತಿಲಲ್ಲಿ ನಿಂತ ಕ್ಯಾಮೆರಾ ಅದರಲ್ಲಿ ಎಲ್ಲಿ ಕಾಣಬೇಕು?

"ನೀವು ಏನು ನೋಡಿದ್ರಿ?" ಅಂತ ಕೇಳಿ ನೋಡಿ. ಯಾವ ದೃಶ್ಯ, ಯಾಕೆ ಹಿಡಿಸಿತು, ಎಲ್ಲಿ ಜಾರಿತು, ಎಲ್ಲ ಹೇಳುತ್ತೇನೆ. ನಿಮಗೆ ಹಾಗನ್ನಿಸಲಿಲ್ಲ ಅಂದರೆ ಇನ್ನೂ ಒಳ್ಳೆಯದು, ಕೂತು ಜಗಳವಾಡೋಣ.